ಸಾಹೇಬರು ಹೇಳದ ಒಂದು ಮಾತು

ರಾಯಚೂರಿನಲ್ಲಿ ಮನೆ, ದೇವದುರ್ಗದಲ್ಲಿ ನೌಕರಿ. ನಮ್ಮಂಥವರನ್ನು ಜಿಲ್ಲೆಯಲ್ಲಿ ‘ಅಪ್ ಡೌನ್ ಮಂದಿ’ ಎನ್ನುತ್ತಾರೆ. ಬೆಳಿಗ್ಗೆ ನಿಲ್ದಾಣದಲ್ಲಿ ದೇವದುರ್ಗದ ಬಸ್ಸು ಇನ್ನೂ ಹಿಂದಕ್ಕೆ ಸರಿಯುತ್ತಿರುವಾಗಲೇ ಕಿಟಕಿಯೊಳಗೆ ಕರ್ಚೀಫ್ ಎಸೆಯುವುದು ನಮ್ಮ ದಿನದ ಮೊದಲ ಸರಕಾರಿ ಕೆಲಸ. ಕರ್ಚೀಫ್ ಬಿದ್ದ ಸೀಟು ಎಸೆದವರದ್ದು, ಅದರ ಪಕ್ಕದ್ದು ಎಸೆದವರು ಯಾರನ್ನು ಕರೆಯುತ್ತಾರೋ ಅವರದ್ದು. ಈ ಕಾನೂನನ್ನು ಯಾರೂ ಬರೆದಿಲ್ಲ. ಆದರೂ ಅದನ್ನು ಮುರಿದವರನ್ನು ನಾನು ನೋಡಿಲ್ಲ. ಸರಕಾರ ಬರೆದ ಕಾನೂನುಗಳಿಗೆ ಆ ಭಾಗ್ಯ ಇನ್ನೂ ಬಂದಿಲ್ಲ.

ನನ್ನ ಪಕ್ಕದ ಸೀಟು ಒಬ್ಬ ಗೆಳತಿಗೆ ಮೀಸಲು. ಇಬ್ಬರದೂ ಒಂದೇ ಕಚೇರಿ, ಮನೆಯೂ ಒಂದೇ ಓಣಿಯ ಆಚೆ ಈಚೆ. ಹೋಗುವಾಗ ಅವಳ ಡಬ್ಬಿಯ ಒಗ್ಗಾಣಿ, ಬರುವಾಗ ಅವಳ ಅತ್ತೆಯ ಮೇಲಿನ ದೂರು, ಎರಡರಲ್ಲೂ ನನಗೆ ಪಾಲಿತ್ತು. ಒಂದು ಸಂಜೆ ದೇವದುರ್ಗದಲ್ಲಿ ಎಂದಿನಂತೆ ಕರ್ಚೀಫ್ ಎಸೆದು ಇಬ್ಬರಿಗೂ ಸೀಟು ಹಿಡಿದೆ. ಬಸ್ಸು ಹೊರಡುವ ಹೊತ್ತಿಗೆ ಅವಳ ಫೋನ್ ಬಂತು. ತಮ್ಮ ಬೈಕ್ ತಂದಿದ್ದಾನೆ, ಅವನ ಜೊತೆ ಬರುತ್ತೇನೆ ಎಂದಳು. ಬಸ್ಸು ಕಿಕ್ಕಿರಿದಿತ್ತು. ಒಬ್ಬ ಮುದುಕ ಕಂಬ ಹಿಡಿದು ತೂಗಾಡುತ್ತಿದ್ದ.

“ಕೂಡ್ರಿ ಯಪ್ಪಾ, ಇಲ್ಲಿ ಖಾಲಿ ಅದ,” ಎಂದೆ.

ದೇವದುರ್ಗದ ಆಚೆಯ ಜಾಲಹಳ್ಳಿ ಕಡೆಯವನು. ಕುಳಿತವನು ರಾಯಚೂರು ಬರುವ ತನಕ ತನ್ನ ಎಮ್ಮೆಯ ಬಗ್ಗೆ ಮಾತಾಡಿದ. ಅದು ಕರು ಹಾಕಿದ್ದು, ಒದ್ದದ್ದು, ಒಮ್ಮೆ ಕಳೆದುಹೋಗಿ ತಾನೇ ಮನೆಗೆ ಬಂದದ್ದು. ನಡುವೆ ಅಂಗಿಯ ಕಿಸೆಯಿಂದ ಕುದಿಸಿದ ಶೇಂಗಾ ತೆಗೆದು ನನ್ನ ಕೈಗೂ ಒಂದಿಷ್ಟು ಹಾಕಿದ. ರಾಯಚೂರಿಗೆ ಯಾಕೆ ಹೊರಟಿದ್ದಾನೆ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಹೊರಟಿದ್ದು ನಮ್ಮ ಕಚೇರಿಯ ಹಿರಿಯ ಗುಮಾಸ್ತರ ಮೇಲೆ ಲಂಚದ ದೂರು ಕೊಡಲಿಕ್ಕೆ ಎಂದು ಆಮೇಲೆ ತಿಳಿಯಿತು.

ಆ ಹಿರಿಯ ಗುಮಾಸ್ತರನ್ನು ನಾನು ಅಣ್ಣ ಎನ್ನುತ್ತಿದ್ದೆ. ಬಾಯಿಮಾತಿನ ಅಣ್ಣ ಅಲ್ಲ. ನಮ್ಮ ಮನೆತನದಲ್ಲಿ ಸರಕಾರಿ ಕುರ್ಚಿಯ ಮೇಲೆ ಕುಳಿತವಳು ನಾನೇ ಮೊದಲು. ಅಪ್ಪ ಅವ್ವ ಇಬ್ಬರೂ ಕಂಡವರ ಹೊಲದಲ್ಲಿ ದುಡಿದವರು. ನೌಕರಿಗೆ ಸೇರಿದ ಹೊಸದರಲ್ಲಿ ಟಿಪ್ಪಣಿ ಎಂದರೆ ಏನು ಬರೆಯಬೇಕು, ಕಡತ ಯಾರ ಮೇಜಿನಿಂದ ಯಾರ ಮೇಜಿಗೆ ಹೋಗಬೇಕು, ಏನೊಂದೂ ತಿಳಿಯದು. ಉಳಿದವರು ಕಡತ ತಂದು ಮೇಜಿನ ಮೇಲೆ ಹಾಕಿ ಸುಮ್ಮನೆ ಹೋಗುತ್ತಿದ್ದರು, ತಪ್ಪಲಿ, ನೋಡೋಣ ಎಂಬಂತೆ. ಅಣ್ಣ ಮಾತ್ರ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕುಳಿತು, “ಹಿಂಗ ಬರಿಬೇಕವ್ವಾ, ನೋಡಿಲ್ಲಿ,” ಎಂದು ಕಲಿಸಿದರು. ಹಬ್ಬಕ್ಕೆ ರಾಯಚೂರಿನ ತಮ್ಮ ಮನೆಗೆ ಕರೆದರು. ಅವರ ಹೆಂಡತಿ, ನನ್ನ ಪಾಲಿಗೆ ಅತ್ತಿಗೆ, ತಾವು ಕುಡಿಯುವ ಕಪ್ಪಿನಲ್ಲೇ ನನಗೂ ಚಹಾ ಕೊಟ್ಟರು, ಕುಡಿದ ಮೇಲೆ ತಾವೇ ಎತ್ತಿಕೊಂಡು ಹೋದರು. ನಮ್ಮ ಕೇರಿಯಿಂದ ಬಂದವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಣ್ಣ ತಿನ್ನುತ್ತಿದ್ದರು. ಅದು ಇಡೀ ಕಚೇರಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಮನುಷ್ಯ ಒಳ್ಳೆಯವನಾಗಿದ್ದೂ ತಿನ್ನಬಹುದು ಎನ್ನುವುದನ್ನು ಒಪ್ಪಲಿಕ್ಕೆ ನನಗೆ ಬಹಳ ಕಷ್ಟವಾಗಿತ್ತು. ಈಗಲೂ ಪೂರ್ತಿ ಒಪ್ಪಿಲ್ಲ.

ಕೆಲವು ದಿನಗಳ ನಂತರ ಮಧ್ಯಾಹ್ನದ ಊಟ ಮುಗಿಸಿ ಎಲ್ಲರೂ ಆಕಳಿಸುತ್ತಿದ್ದಾಗ ಅದೇ ಮುದುಕ ಕಚೇರಿಗೆ ಬಂದ. ಅಣ್ಣನ ಮೇಜಿನ ಮುಂದೆ ನಿಂತ. ಸ್ವಲ್ಪ ಹೊತ್ತಿಗೆ ಅವನ ಹಿಂದೆಯೇ ಅಪರಿಚಿತರು ನುಗ್ಗಿದರು, ಲಂಚ ಹಿಡಿಯುವ ಪೊಲೀಸರು. ಅಣ್ಣನ ಕೈಯನ್ನು ಗಾಜಿನ ಲೋಟದ ನೀರಿನಲ್ಲಿ ಅದ್ದಿಸಿದರು, ಮುದುಕ ಕೊಟ್ಟ ನೋಟಿಗೆ ಹಚ್ಚಿದ್ದ ಪುಡಿಗೆ ನೀರು ಕೆಂಪಾಯಿತು. ಅಣ್ಣ ಯಾರ ಮುಖವನ್ನೂ ನೋಡದೆ ನೀರನ್ನೇ ನೋಡುತ್ತ ಕುಳಿತಿದ್ದರು. ನನಗೆ ಅಳು ಬಂತು. ಮುದುಕ ಹೊರಗೆ ಹೋಗುವಾಗ ನನ್ನನ್ನು ಗುರುತು ಹಿಡಿದು ಕೈಮುಗಿದ. ಅವನು ಕೈಮುಗಿದದ್ದನ್ನು ಕಚೇರಿ ಪೂರ್ತಿ ನೋಡಿತು.

ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ನನ್ನ ಗೆಳತಿ ನನ್ನ ಪಕ್ಕ ಬಂದು ಕೂರಲಿಲ್ಲ. ಹಿಂದಿನ ಸೀಟಿಗೆ ಹೋಗಿ ಕುಳಿತು ಕಿಟಕಿಯ ಹೊರಗೆ ನೋಡತೊಡಗಿದಳು. ಹಿಂದಿನಿಂದ ಮಾತು ಕೇಳುತ್ತಿತ್ತು, ನನಗೆ ಕೇಳಲಿ ಎಂದೇ ಆಡುತ್ತಿದ್ದರು.

“ಕರ್ಚೀಫ್ ಹಾಕಿ ಸೀಟು ಹಿಡದು ಕರಕೊಂಡು ಹೋಗ್ಯಾಳಂತ್ರಿ ಆ ಮುದುಕನ್ನ.”

“ದಾರಿತುಂಬ ಮಾತಾಡ್ಕೋತ ಹೋದ್ರಂತ. ಏನ್ ಹೇಳಬೇಕು, ಎಲ್ಲಿಗಿ ಹೋಗಬೇಕು, ಎಲ್ಲಾ ಆಕೀನೇ ಹೇಳಿಕೊಟ್ಟಿದ್ದಂತ.”

“ಉಂಡ ಮನಿಗೆ…” ಎಂದು ಒಬ್ಬರು ಅರ್ಧಕ್ಕೆ ನಿಲ್ಲಿಸಿದರು. ಉಳಿದರ್ಧವನ್ನು ಎಲ್ಲರೂ ಮನಸ್ಸಿನಲ್ಲೇ ಮುಗಿಸಿಕೊಂಡರು.

ಗಬ್ಬೂರು ದಾಟುವಾಗ ಮಾತುಗಳ ಕೊನೆಗೆ ಇನ್ನೂ ‘ಅಂತ’ ಇತ್ತು. ದೇವದುರ್ಗ ಮುಟ್ಟುವಾಗ ಅದು ಉದುರಿಹೋಗಿ ಎಲ್ಲ ಖರೆಯಾಗಿತ್ತು. ಅಪ್ ಡೌನ್ ಮಂದಿಯಲ್ಲಿ ಕರ್ಚೀಫಿನ ಸೀಟನ್ನು ಯಾರೂ ಅಪರಿಚಿತರಿಗೆ ಕೊಡುವುದಿಲ್ಲವಲ್ಲ. ಕೊಟ್ಟಿದ್ದಾಳೆ ಎಂದರೆ ಮೊದಲೇ ಗುರುತಿರಬೇಕು, ಗುರುತಿದ್ದರೆ ಒಳಸಂಚು ಇರಬೇಕು. ನಮ್ಮ ಕಾನೂನಿನ ಪ್ರಕಾರ ಸಾಕ್ಷಿ ಗಟ್ಟಿ. ಮುದುಕನಿಗೆ ಮೊಣಕಾಲು ನೋಯುತ್ತಿರಬಹುದು ಎಂಬ ವಿಚಾರ ಯಾರಿಗೂ ಹೊಳೆಯಲಿಲ್ಲ. ಆ ಸೀಟು ಹಿಡಿದದ್ದು ತನಗಾಗಿ ಎಂದು ಗೊತ್ತಿದ್ದ ಗೆಳತಿಯೂ ಕಿಟಕಿಯ ಹೊರಗೇ ನೋಡುತ್ತಿದ್ದಳು.

ನನ್ನ ಹೊಟ್ಟೆ ಉರಿಸಿದ್ದು ಇನ್ನೊಂದು. ನನ್ನ ಮೇಲೆ ಹೊರಿಸಿದ್ದು ಏನು? ಲಂಚ ಹಿಡಿಸಿಕೊಟ್ಟೆ ಎನ್ನುವುದು. ಬೇರೆ ಕಡೆ ಇದಕ್ಕೆ ಶಾಲು ಹೊದಿಸುತ್ತಾರೆ. ನಾನು ಆ ಒಳ್ಳೆಯ ಕೆಲಸವನ್ನೂ ಮಾಡಿರಲಿಲ್ಲ, ಅದರ ಶಿಕ್ಷೆ ಮಾತ್ರ ಉಣ್ಣುತ್ತಿದ್ದೆ. ‘ನಾನಲ್ಲ’ ಎಂದು ಕೂಗಿ ಹೇಳಿದರೆ ದೂರು ಕೊಡುವುದೇ ಹೊಲಸು ಕೆಲಸ ಎಂದು ನಾನೇ ಒಪ್ಪಿದ ಹಾಗೆ. ಹೇಳದಿದ್ದರೆ ಅಣ್ಣ ಮತ್ತು ಅತ್ತಿಗೆ ನನ್ನನ್ನು ಏನೆಂದು ತಿಳಿದಾರು? ಕಚೇರಿಯವರ ಮಾತು ಹಾಳಾಗಲಿ. ನನಗೆ ಬೇಕಾಗಿದ್ದದ್ದು ಆ ಒಂದು ಮನೆ. ಆ ಇಬ್ಬರು ನನ್ನನ್ನು ನಂಬಬೇಕಿತ್ತು, ಅಷ್ಟೇ.

ಸಾಹೇಬರ ಕೋಣೆಗೆ ಹೋದೆ. ನಮ್ಮ ಸಾಹೇಬರು ಮೈಸೂರು ಕಡೆಯವರು, ನಯವಾದ ಮಾತು, ಕೈ ಸ್ವಚ್ಛ. ಯಾರ ಮೇಲೂ ದನಿ ಏರಿಸಿದವರಲ್ಲ. ಅವರ ಮೇಲೆ ನನಗೆ ನಿಜವಾದ ಗೌರವವಿತ್ತು, ಅದಕ್ಕೇ ಹೋದೆ.

“ಕೂತ್ಕೊಳ್ಳಮ್ಮ. ನನಗೆಲ್ಲ ಗೊತ್ತಾಗಿದೆ,” ಎಂದರು. “ಆ ಮುದುಕನಿಗೆ ದಾರಿ ತೋರಿಸಿದವನು ರಾಯಚೂರಿನಲ್ಲಿರೋ ಅವನ ಅಳಿಯ. ನೀವಲ್ಲ ಅನ್ನೋದು ನನಗೆ ಚೆನ್ನಾಗಿ ಗೊತ್ತು.”

ಎದೆಯ ಮೇಲಿನ ಕಲ್ಲು ಇಳಿಯಿತು. “ಹಂಗಂದ್ರ ಸರ್, ನಾಳೆ ಸಭಾದಾಗ ಎಲ್ಲಾರ ಮುಂದ ಇದೊಂದು ಮಾತು ಹೇಳಿಬಿಡ್ರಿ. ನೀವು ಹೇಳಿದ್ರ ನಂಬತಾರ.”

ಸಾಹೇಬರು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತ ಯೋಚಿಸಿದರು. “ನೋಡಮ್ಮ, ‘ಇವರಲ್ಲ’ ಅಂತ ನಾನು ಹೇಳಿದರೆ, ‘ಹಾಗಾದರೆ ಯಾರು’ ಅಂತ ಹುಡುಕೋಕೆ ಶುರು ಮಾಡ್ತಾರೆ. ದೂರು ಕೊಡೋದು ತಪ್ಪು ಅಂತ ಅಧಿಕಾರಿನೇ ಒಪ್ಪಿಕೊಂಡ ಹಾಗೂ ಆಗುತ್ತೆ. ವದಂತಿಗೆ ಉತ್ತರ ಕೊಟ್ಟರೆ ವದಂತಿಗೆ ಬೆಲೆ ಬರುತ್ತೆ. ಇದರಲ್ಲಿ ಒಂದು ನೈತಿಕ ಪ್ರಶ್ನೆ ಇದೆ.”

ಮಾತು ತೂಕದ್ದೇ. ಪುಸ್ತಕದಲ್ಲಿ ಅಚ್ಚು ಹಾಕಿಸಬಹುದು. ನಾನು ಮತ್ತೆ ಹೇಳಿದೆ. “ಎರಡು ಮಾತು ಹೇಳ್ರಿ ಸರ್. ದೂರು ಕೊಡೋದು ತಪ್ಪಲ್ಲ ಅಂತ ಒಂದು. ಇದ್ರಾಗ ಈಕಿ ಕೈ ಇಲ್ಲ, ನಾ ವಿಚಾರಿಸೀನಿ ಅಂತ ಇನ್ನೊಂದು. ಎರಡೂ ಖರೇನ ಅಲ್ರಿ?”

“ಯೋಚಿಸೋಣ,” ಎಂದರು. ಸರಕಾರದಲ್ಲಿ ಆ ಶಬ್ದದ ಅರ್ಥ ಗೊತ್ತಿದ್ದೂ ನಾನು ಆಸೆಯಿಂದ ಹೊರಗೆ ಬಂದೆ. ಮರುದಿನ ಸಭೆ ನಡೆಯಿತು. ಸಾಹೇಬರು ಸಮಯಪಾಲನೆಯ ಬಗ್ಗೆ ಮಾತಾಡಿದರು, ಶೌಚಾಲಯದ ಸ್ವಚ್ಛತೆಯ ಬಗ್ಗೆ ಮಾತಾಡಿದರು. ಕೊನೆಗೆ “ಗಾಳಿಮಾತಿಗೆ ಯಾರೂ ಕಿವಿ ಕೊಡಬಾರದು” ಎಂದರು. ಯಾವ ಗಾಳಿಮಾತು, ಅದು ಖರೆಯೋ ಸುಳ್ಳೋ, ಒಂದೂ ಹೇಳಲಿಲ್ಲ. ಅಲ್ಲಿ ತನಕ ಕಿವಿ ಕೊಡದವರೂ ಆ ಮಾತು ಕೇಳಿದ ಮೇಲೆ ನನ್ನ ಕಡೆ ತಿರುಗಿ ನೋಡಿದರು.

ವಾರ ಕಳೆಯುವುದರೊಳಗೆ ಆದೇಶ ಬಂತು. ಆಡಳಿತಾತ್ಮಕ ಕಾರಣದಿಂದ ನನ್ನನ್ನು ಮಾನ್ವಿಯ ಕಚೇರಿಗೆ ನಿಯೋಜಿಸಲಾಗಿದೆ, ತಕ್ಷಣ ಹೋಗಿ ಹಾಜರಾಗಬೇಕು. ಸಾಹೇಬರು ಒಳಗೆ ಕರೆದು ಮೆಲುದನಿಯಲ್ಲಿ ಹೇಳಿದರು: “ನಿಮ್ಮ ಒಳ್ಳೆಯದಕ್ಕೇ ಮಾಡಿದ್ದೀನಿ. ಸ್ವಲ್ಪ ದಿನ ದೂರ ಇದ್ದರೆ ಎಲ್ಲ ತಣ್ಣಗಾಗುತ್ತೆ. ಶಿಕ್ಷೆ ಅಂತ ಅಂದ್ಕೋಬೇಡಿ.”

ನಾನು ಅಂದುಕೊಳ್ಳುವುದು ಬಿಡುವುದರಿಂದ ಏನಾಗುತ್ತದೆ? ನಮ್ಮ ಇಲಾಖೆಗಳಲ್ಲಿ ಯಾರಿಗೆ ಯಾವಾಗ ನಿಯೋಜನೆ ಆಗುತ್ತದೆ ಎನ್ನುವುದು ಬಾಗಿಲು ಕಾಯುವವರಿಗೂ ಗೊತ್ತು. ಏನೋ ಮಾಡಿದವರಿಗೆ ಆಗುತ್ತದೆ. ಏನೂ ಮಾಡದವರನ್ನು ಯಾರು ಮುಟ್ಟುತ್ತಾರೆ? ಅಲ್ಲಿ ತನಕ ಬಸ್ಸಿನಲ್ಲಿ ತಿರುಗುತ್ತಿದ್ದ ಮಾತಿಗೆ ಆ ಆದೇಶ ಸರಕಾರದ ಮೊಹರು ಒತ್ತಿತು. ಸಾಹೇಬರು ಸುಳ್ಳು ಹೇಳಲಿಲ್ಲ, ಕೈ ಕೊಳೆ ಮಾಡಿಕೊಳ್ಳಲಿಲ್ಲ. ಬಹಳ ನಾಜೂಕಾಗಿ ನನ್ನನ್ನು ಹೂತರು.

ಮಾನ್ವಿಗೆ ಹಾಜರಾಗುವ ಮೊದಲು ಧೈರ್ಯ ಮಾಡಿ ಅಣ್ಣನ ಮನೆಗೆ ಹೋದೆ. ಅಣ್ಣ ಒಳಗಿದ್ದರು, ಹೊರಗೆ ಬರಲಿಲ್ಲ. ಅತ್ತಿಗೆ ಬಾಗಿಲ ಚೌಕಟ್ಟು ಹಿಡಿದು ನಿಂತರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ.

“ನಾ ಅಲ್ಲರಿ ಅತ್ತಿಗಿ. ಆ ಮುದುಕ ಯಾರಂತ ನನಗ ಗೊತ್ತೇ ಇರಲಿಲ್ಲ.”

“ನಾನೂ ಮದಲ ಹಂಗ ಅಂದೆವ್ವಾ. ಆಕಿ ಅಂಥಾಕಿ ಅಲ್ಲ ಅಂತ ಮನ್ಯಾಗ ಜಗಳಾ ಮಾಡೀನಿ,” ಎಂದರು. “ಖರೇ, ನೀ ಅಲ್ಲ ಅಂದ್ರ ಸಾಹೇಬ್ರು ಎದಕ ನಿನ್ನ ಮಾನ್ವಿಗೆ ಹಾಕಿದ್ರು? ಹಿಂಗ ಸುಮ್ಸುಮ್ನ ಹಾಕತಾರೇನು?”

‘ಸಾಹೇಬರಿಗೆ ನಾನಲ್ಲ ಎಂದು ಗೊತ್ತಿದೆ’ ಎಂದು ಹೇಳಹೋದೆ. ಹೇಳುತ್ತಿರುವಾಗಲೇ ಅದು ನನ್ನ ಕಿವಿಗೇ ಸುಳ್ಳೆನಿಸಿತು. ಗೊತ್ತಿದ್ದವರು ಯಾರಾದರೂ ಹೀಗೆ ಮಾಡುತ್ತಾರೆಯೇ? ಅತ್ತಿಗೆ ಸೆರಗಿನಿಂದ ಮುಖ ಒರೆಸಿಕೊಂಡು, “ಬಿಸಲಾಗ ಬಂದಿ, ನೀರು ಕುಡದು ಹೋಗು,” ಎಂದರು. ನೀರು ಹೊಸ್ತಿಲ ಹೊರಗೆ ಬಂತು, ಸ್ಟೀಲ್ ಲೋಟದಲ್ಲಿ. ಲೋಟವನ್ನು ಕಟ್ಟೆಯ ಮೇಲೆ ಇಟ್ಟು ಬಂದೆ. ಕುಡಿಯಲಿಲ್ಲ.

ಮಾನ್ವಿಯಲ್ಲಿ ನನ್ನನ್ನು ಬಹಳ ಮರ್ಯಾದೆಯಿಂದ ಬರಮಾಡಿಕೊಂಡರು. ಅಂಥ ಮರ್ಯಾದೆ ವೈರಿಗೂ ಬೇಡ. ಸುದ್ದಿ ನನಗಿಂತ ಮೊದಲೇ ಸಿರವಾರದ ಮೇಲೆ ಹಾಯ್ದು ಬಂದು ಕುಳಿತಿತ್ತು. ನಾನು ಒಳಗೆ ಕಾಲಿಟ್ಟರೆ ಮಾತು ನಿಲ್ಲುವುದು, ಮೇಜಿನ ಖಾನೆಗಳು ಮುಚ್ಚುವುದು. ಫೋನ್ ಕೈಗೆತ್ತಿಕೊಂಡರೆ ಎದುರಿಗಿದ್ದವರು ಎದ್ದು ಹೋಗುವುದು, ರೆಕಾರ್ಡ್ ಮಾಡುತ್ತಾಳೆ ಎಂದು. ನಾನು ಬಂದ ಮೇಲೆ ಆ ಕಚೇರಿಯೊಳಗೆ ಲಂಚ ಪೂರ್ತಿ ನಿಂತುಹೋಯಿತು. ರಸ್ತೆ ದಾಟಿ ಎದುರಿನ ಚಹಾದಂಗಡಿಗೆ ಹೋಯಿತು. ಜನ ಬಿಸಿಲಲ್ಲಿ ಅಲ್ಲಿ ತನಕ ನಡೆಯಬೇಕಾದ್ದು ಮಾತ್ರ ನನ್ನಿಂದಾದ ಉಪಕಾರ.

ಇನ್ನೊಂದು ಚೇಷ್ಟೆ ಕೇಳಿ. ಒಂದು ದಿನ ಮಲ್ಲಟದ ಕಡೆಯ ಒಬ್ಬಾತ ಬಂದು ಆಚೆ ಈಚೆ ನೋಡಿ ನನ್ನ ಮೇಜಿನ ಮೇಲೆ ಬಾಗಿದ.

“ಮೇಡಂರ, ದೇವದುರ್ಗದಾಗ ಹಿಡಿಸಿಕೊಟ್ಟವರು ನೀವಂತಲ್ರೀ. ನಮ್ಮದೂ ಒಂದು ಕೇಸ್ ಅದ ರೀ, ಅದನ್ನೂ ಹಂಗ ಮಾಡಿಕೊಡ್ರಿ.”

“ನಾ ಯಾರನ್ನೂ ಹಿಡಿಸಿಲ್ಲಪ್ಪಾ. ನಿನಗ ದೂರು ಕೊಡೋದದ ಅಂದ್ರ ನೀನ ಹೋಗಿ ಕೊಡು, ಯಾರೂ ತಡಿಯಂಗಿಲ್ಲ.”

ಅವನು ಕಣ್ಣು ಮಿಟುಕಿಸಿ ನಕ್ಕ. “ಇರ್ಲಿ ಬಿಡ್ರಿ, ನಾ ಯಾರ ಮುಂದೂ ಹೇಳಂಗಿಲ್ಲ.”

ನನಗೆ ನಗು ಬಂತು, ಸಿಟ್ಟೂ ಬಂತು. ಮನೆಗೆ ಬಂದು ಸ್ನಾನದ ಕೋಣೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ದೇವದುರ್ಗಕ್ಕೆ ಮರಳಿ ಕಳಿಸಿ ಎಂದು ಕೇಳಿಕೊಂಡಾಗಲೆಲ್ಲ ‘ಪರಿಶೀಲಿಸಲಾಗುವುದು’ ಎಂಬ ಉತ್ತರ ಬಂತು. ಸಾಹೇಬರು ಬಡ್ತಿ ಪಡೆದು ಬೇರೆ ಜಿಲ್ಲೆಗೆ ಹೋದರು. ಅವರ ನಂತರ ಬಂದವರಿಗೆ ನನ್ನ ವಿಷಯದಲ್ಲಿ ಗೊತ್ತಿದ್ದದ್ದು ನಿಯೋಜನೆ ಒಂದೇ, ಕಾರಣ ಗೊತ್ತಿಲ್ಲ. ಗೊತ್ತಿಲ್ಲದ ಕಡೆ ಕೈ ಹಾಕಬಾರದು ಎಂದು ಅವರೂ ಸುಮ್ಮನಿದ್ದರು.

ಅಣ್ಣನ ಕೇಸು ಕೆಲವು ವರ್ಷ ನಡೆಯಿತು. ಅಷ್ಟರಲ್ಲಿ ಮುದುಕ ಸುಸ್ತಾಗಿದ್ದ. ನ್ಯಾಯಾಲಯದಲ್ಲಿ ‘ನನಗೇನೂ ನೆನಪಿಲ್ಲ’ ಎಂದುಬಿಟ್ಟನಂತೆ. ಸಾಕ್ಷ್ಯ ಸಾಲದೆ ಅಣ್ಣ ಬಿಡುಗಡೆಯಾಗಿ ದೇವದುರ್ಗದ ಅದೇ ಕುರ್ಚಿಗೆ ಮರಳಿದರು. ಹಾರ ಹಾಕಿದರು, ಪೇಡೆ ಹಂಚಿದರು. ನನ್ನ ಗೆಳತಿ ಅದರ ಫೋಟೋ ತನ್ನ ಸ್ಟೇಟಸ್‌ಗೆ ಹಾಕಿದ್ದಳು. ಅಣ್ಣ ಬಿಡುಗಡೆಯಾಗಿದ್ದಕ್ಕೆ ನನಗೆ ಸಂತೋಷವೇ ಆಯಿತು, ಸುಳ್ಳೇಕೆ ಹೇಳಲಿ. ತಿಂದವರ ಹೆಸರು ಸ್ವಚ್ಛವಾಗಲಿಕ್ಕೆ ಒಂದು ನ್ಯಾಯಾಲಯವಾದರೂ ಇತ್ತು. ನನ್ನದನ್ನು ಯಾವ ನ್ಯಾಯಾಲಯಕ್ಕೆ ಒಯ್ಯಲಿ? ನನ್ನ ಮೇಲೆ ಆರೋಪವನ್ನೇ ಯಾರೂ ಮಾಡಿರಲಿಲ್ಲ. ವಿಚಾರಣೆ ಇಲ್ಲ, ನೋಟಿಸಿಲ್ಲ, ಆದ್ದರಿಂದ ಖುಲಾಸೆಯೂ ಇಲ್ಲ.

ಕಳೆದ ವರ್ಷ ಜಿಲ್ಲೆಯ ನೌಕರರಿಗೆಲ್ಲ ರಾಯಚೂರಿನಲ್ಲಿ ಒಂದು ದಿನದ ತರಬೇತಿ ಇಟ್ಟರು. ವಿಷಯ ನೋಡಿಯೇ ನನಗೆ ಬಾಯಿ ಕಹಿಯಾಯಿತು: ‘ಕಚೇರಿಗಳಲ್ಲಿ ವದಂತಿ ಮತ್ತು ಆಡಳಿತಗಾರರ ನೈತಿಕ ಹೊಣೆ’. ಉಪನ್ಯಾಸ ಕೊಡಲು ಬಂದವರು ನಮ್ಮ ಹಳೆಯ ಸಾಹೇಬರೇ. ಕೂದಲು ನರೆತಿತ್ತು, ಮಾತು ಅಷ್ಟೇ ನಯ. ಮುಂದಿನ ಸಾಲಿನಲ್ಲಿ ಅಣ್ಣ ಕುಳಿತಿದ್ದರು, ನಿವೃತ್ತಿಗೆ ಹತ್ತಿರ ಬಂದ ಬೆನ್ನು ಸ್ವಲ್ಪ ಬಾಗಿತ್ತು. ನಾನು ಹಿಂದೆ, ಗೋಡೆಯ ಪಕ್ಕ.

ಸಾಹೇಬರು ಒಂದು ಉದಾಹರಣೆ ಹೇಳಿದರು. “ಒಂದು ತಾಲ್ಲೂಕಿನಲ್ಲಿ ಒಬ್ಬ ಮಹಿಳಾ ನೌಕರರ ಬಗ್ಗೆ ಸಹೋದ್ಯೋಗಿಯನ್ನು ಹಿಡಿಸಿಕೊಟ್ಟರು ಅಂತ ವದಂತಿ ಹಬ್ಬಿತ್ತು. ಹೆಸರು ಹೇಳೋದಿಲ್ಲ. ಹೇಳದೇ ಇರೋದೇ ನೈತಿಕತೆ. ವಿಚಾರಣೆ ಅಂತ ಮಾಡಿ ಯಾರನ್ನೂ ನೋಯಿಸೋಕೆ ನಾನು ಹೋಗಲಿಲ್ಲ. ಅವರನ್ನು ಗೌರವದಿಂದ ಬೇರೆ ಕಡೆ ಕಳಿಸಿದೆ. ಕಚೇರಿ ಶಾಂತವಾಯಿತು.”

ಸಭಾಂಗಣದಲ್ಲಿದ್ದ ದೇವದುರ್ಗದವರು, ಮಾನ್ವಿಯವರು ಎಲ್ಲರ ತಲೆಗಳೂ ಗೋಡೆಯ ಕಡೆ ತಿರುಗಿದವು. ಹೆಸರು ಹೇಳುವ ಅಗತ್ಯವೇ ಇರಲಿಲ್ಲ. ನಾನು ಎದ್ದು ನಿಂತೆ.

“ಸರ್, ಆ ವದಂತಿ ಖರೇ ಇತ್ತೋ ಸುಳ್ಳೋ, ಅದನ್ನ ನೀವು ಹೇಳಲಿಲ್ಲ.”

ಅವರು ನನ್ನನ್ನು ಗುರುತು ಹಿಡಿದರು. ಮುಖದಲ್ಲಿ ಒಂದು ಕ್ಷಣ ಏನೋ ಬಂದು ಹೋಯಿತು. ಅವರಿಗೆ ಗೊತ್ತಿತ್ತು. ಬಾಯಿ ತೆರೆದು ‘ಸುಳ್ಳು’ ಎಂದರೆ ಸಾಕಿತ್ತು. ಮುಂದಿನ ಸಾಲಿನಲ್ಲಿ ಅಣ್ಣ ಕತ್ತು ಹೊರಳಿಸಿ ಅವರನ್ನೇ ನೋಡುತ್ತಿದ್ದರು.

“ಒಳ್ಳೆಯ ಪ್ರಶ್ನೆ,” ಎಂದರು ಸಾಹೇಬರು. “ಆಡಳಿತದ ದೃಷ್ಟಿಯಿಂದ ಅದು ಮುಖ್ಯ ಅಲ್ಲ. ವದಂತಿಯ ಸತ್ಯಾಸತ್ಯಕ್ಕೆ ನಾವು ಇಳಿಯಬಾರದು. ಕೂತ್ಕೊಳ್ಳಿ ಮೇಡಂ, ವೈಯಕ್ತಿಕವಾಗಿ ತಗೋಬೇಡಿ.”

ಕುಳಿತೆ. ಇನ್ನೇನು ಮಾಡಲಿ.

ಊಟದ ಹೊತ್ತಿಗೆ ತಾಟು ಹಿಡಿದು ಮೂಲೆಯಲ್ಲಿ ನಿಂತಿದ್ದಾಗ ಅಣ್ಣ ನನ್ನ ಕಡೆ ನಡೆದು ಬಂದರು. ಇಷ್ಟು ವರ್ಷಗಳಲ್ಲಿ ಮೊದಲ ಸಲ. ಸುತ್ತಲಿನ ಮಂದಿ ತುತ್ತು ನಿಲ್ಲಿಸಿ ನೋಡತೊಡಗಿದರು. ಅಣ್ಣನ ಕಣ್ಣು ತುಂಬಿತ್ತು. ಈಗಲಾದರೂ ತಿಳಿಯಿತೇ, ನನ್ನ ದನಿ ಕೇಳಿಯಾದರೂ ತಿಳಿಯಿತೇ ಎಂದುಕೊಂಡೆ. ಅವರು ನನ್ನ ತಲೆಯ ಮೇಲೆ ಕೈ ಇಟ್ಟರು.

“ಇಷ್ಟ್ಯಾಕ ಮನಸ್ಸಿಗೆ ಹಚ್ಚಿಕೊಂಡಿ ತಂಗಿ? ಹೋಗ್ಲಿ ಬಿಡು. ನಾ ಯಾವತ್ತೋ ನಿನ್ನ ಮಾಫ್ ಮಾಡೀನಿ. ನಿಮ್ಮತ್ತಿಗೀನೂ ಮಾಫ್ ಮಾಡ್ಯಾಳ.”

“ಅಣ್ಣಾ, ನಾ ಅಲ್ಲ…” ಎಂದೆ.

“ಗೊತ್ತವ್ವಾ, ಗೊತ್ತು. ಆಗಿದ್ದು ಆತು,” ಎಂದು ನನ್ನ ತಲೆ ಸವರಿದರು. ನನ್ನ ಹಳೆಯ ಗೆಳತಿ ಸೆರಗಿನ ಅಂಚಿನಿಂದ ಕಣ್ಣೊರೆಸಿಕೊಂಡಳು. ಯಾರೋ ಮೆಲ್ಲಗೆ, “ದೊಡ್ಡ ಮನಸ್ಸು ನೋಡ್ರಿ ಆತಂದು,” ಎಂದರು.

ಸಾಹೇಬರು ಆ ತುದಿಯಿಂದ ಇದನ್ನೆಲ್ಲ ನೋಡಿ ಸಮಾಧಾನದಿಂದ ತಲೆಯಾಡಿಸಿದರು. ಮಧ್ಯಾಹ್ನದ ಅವಧಿಯಲ್ಲಿ, ಹೆಸರು ಹೇಳದೆ, ಅದನ್ನೂ ಒಂದು ಉದಾಹರಣೆಯಾಗಿ ಹೇಳಿದರು.